ಗೇಣಿಚೀಟು ಓದುತ್ತಿದ್ದ ವಕೀಲ ಮಾವ

ಕೇರಳದ ಕೋರ್ಟಿನಲ್ಲಿ ಕನ್ನಡ ವಕೀಲರಿಗೆ ಏನು ಕೆಲಸ ಅಂತ ಕೇಳಿದ್ದೀರಿ. ಕಳೆದ ಮಳೆಗಾಲದಲ್ಲಿ ತೀರಿಕೊಂಡ ನಮ್ಮೂರಿನ ವಕೀಲ ಮಾವನ ಕಥೆ ಹೇಳುತ್ತೇನೆ, ಗೊತ್ತಾದೀತು. ಸಂಬಂಧದಲ್ಲಿ ಮಾವ ಅಲ್ಲ, ಊರಿಗೆಲ್ಲ ಮಾವ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕನ್ನಡ ಶಾಲೆಯ ಹುಡುಗ. ಮುಂದೆ ಉಡುಪಿಗೆ ಹೋಗಿ ಕಾನೂನು ಓದಿದರು. ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಮಾತ್ರ ಎರ್ನಾಕುಳಂನದ್ದು. ಮಲಯಾಳಂ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಪಕ್ಕದ ಮನೆ ಮಗುವಿನ ಒಂದನೇ ಕ್ಲಾಸಿನ ಪುಸ್ತಕ ತಂದು, ಸ್ಲೇಟಿನಲ್ಲಿ ತಿದ್ದಿ ತಿದ್ದಿ ಕಲಿತರು.

ಅಷ್ಟರಲ್ಲಿ ಭೂಸುಧಾರಣೆ ಬಂದಿತ್ತು. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಉಳುತ್ತಿದ್ದ ಭೂಮಿ ತಮ್ಮ ಹೆಸರಿಗಾಗಬೇಕಾದರೆ ಒಕ್ಕಲುಗಳು ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಆದರೆ ಅವರ ಕೈಯಲ್ಲಿದ್ದ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ) ಚೀಟುಗಳೆಲ್ಲ ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದವು, ಕನ್ನಡದವು. ತೆಂಕಣದಿಂದ ಬಂದ ಅಧಿಕಾರಿಗಳಿಗೆ ಅದು ಓದಲು ಬರಬೇಕಲ್ಲ! ಮಾವ ಓದಿ, ಅರ್ಥ ಬಿಡಿಸಿ, ಅರ್ಜಿ ಬರೆದುಕೊಡುತ್ತಿದ್ದರು. ಕೊಟ್ಟವರಿಂದ ಫೀಸು, ಇಲ್ಲದವರಿಂದ ಒಂದು ಕಟ್ಟು ವೀಳ್ಯದೆಲೆ.

ಅವರ ಮನೆಯವರೂ ಧಣಿಗಳೇ. ತಮ್ಮ ಮನೆಯ ಒಕ್ಕಲಿನ ಅರ್ಜಿಯನ್ನೂ ಅವರೇ ಬರೆದರು. ಬೈಲಿನ ಗದ್ದೆ ಪೂರ್ತಿ ಹೋಯಿತು. ಅಪ್ಪ ತುಂಬ ಸಮಯ ಮಗನ ಹತ್ತಿರ ಮಾತೇ ಬಿಟ್ಟಿದ್ದರಂತೆ. ಇದನ್ನು ತ್ಯಾಗ ಅಂತ ಯಾರಾದರೂ ಹೊಗಳಿದರೆ ಮಾವನಿಗೆ ಸಿಟ್ಟು ಬರುತ್ತಿತ್ತು. "ಕಾಯ್ದೆ ಹಾಗೇ ಇದೆ ಮಾರಾಯಾ" ಅಂತಿದ್ದರು.

ದೇವರ ಮೇಲೆ ಭಕ್ತಿ ಜಾಸ್ತಿ. ಸಂಕಷ್ಟಿಗೆ ಮಧೂರಿನ ಗಣಪತಿ ದೇವಸ್ಥಾನ ತಪ್ಪಿಸಿದವರಲ್ಲ. 1992ರಲ್ಲಿ ಅಲ್ಲಿ ಗಣಪತಿಗೆ ಅಪ್ಪದ ರಾಶಿ ಅರ್ಪಿಸುವ ಮೂಡಪ್ಪ ಸೇವೆಯಲ್ಲಿ ಕರಿಕೋಟು ಬಿಚ್ಚಿಟ್ಟು ತರಕಾರಿ ಹೆಚ್ಚಲು ಕೂತಿದ್ದರು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆಯಲ್ಲಿ ವಿದುರನ ಅರ್ಥ ಹೇಳುತ್ತಿದ್ದರು, ಅಂದರೆ ಆ ಪಾತ್ರದ ಮಾತಾಡುತ್ತಿದ್ದರು. ವಾದ ಮಾಡುವವರು ವಿದುರನನ್ನೇ ಯಾಕೆ ಆರಿಸಿಕೊಂಡರೋ, ನನಗಂತೂ ಆಶ್ಚರ್ಯ. ಕೃಷ್ಣನ ಪಾತ್ರದಲ್ಲಿ ಮಾತಿಗೆ ಎಷ್ಟು ಅವಕಾಶ ಇತ್ತು, ಅಲ್ವಾ?

ಅತ್ತೆ ಹೋದ ಮರುವರ್ಷ ಪಾರ್ಶ್ವವಾಯು ಬಂತು. ಮಾತು ತೊದಲತೊಡಗಿತು. ಕೋರ್ಟೂ ನಿಂತಿತು, ತಾಳಮದ್ದಳೆಯೂ ನಿಂತಿತು. ಬರೆಯುವ ಕೈ ಮಾತ್ರ ಸರಿ ಇತ್ತು. ಜಗಲಿಯಲ್ಲಿ ಕೂತು ಪಿಂಚಣಿಗೆ, ರೇಷನ್ ಕಾರ್ಡಿಗೆ, ಮಕ್ಕಳ ಸ್ಕಾಲರ್‌ಶಿಪ್‌ಗೆ ಅರ್ಜಿ ಬರೆದರು. ದೂರು ಕೊಡುವುದಿದ್ದರೆ ಕನ್ನಡದಲ್ಲೇ ಬರೆದು, ಕೆಳಗೆ "ಸಂವಿಧಾನದ 350ನೇ ವಿಧಿ" ಅಂತ ಸೇರಿಸುತ್ತಿದ್ದರು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಕ್ಕೆ ದೂರು ಕೊಡಬಹುದು ಅನ್ನುವ ವಿಧಿ ಅದು.

ನಾವು ಈಗಲೂ ಹಾಗೇ ಬರೆಯುತ್ತೇವೆ. ಕೆಲವು ಕಡೆ ಸುಮ್ನೆ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಸೋಮವಾರ ಬನ್ನಿ ಅಂತಾರೆ.