ಹಳೆ ನಾಲ್ಕು ನಳಿಗೆ ಪಿಸ್ತೂಲಿಗೆ ಪಾಲಿಶ್ ಹಾಕಿಸಿದರೆ ಬೆಲೆ ಏರುತ್ತದೆಯೇ?

ಬೀದರ್‌ನಲ್ಲಿ ಸಿಕ್ಕ ನಾಲ್ಕು ನಳಿಗೆಯ ಕೇಪು ಪಿಸ್ತೂಲನ್ನು (ಬಡಿದರೆ ಕಿಡಿ ಹಾರುವ ಪುಟ್ಟ ಟೋಪಿ ಹಾಕಿ ಹೊಡೆಯುವಂಥದ್ದು) ಕೊಂಡು, ತುಕ್ಕು ತೆಗೆಸಿ, ಸ್ಪ್ರಿಂಗ್ ರಿಪೇರಿ ಮಾಡಿಸಿದರೆ ಎಷ್ಟು ಬೆಲೆ ಬರಬಹುದು ಅಂತ ಕೇಳಿದ್ದೀರಿ. ಬರುವುದಿಲ್ಲ, ಹೋಗುತ್ತದೆ. ನನ್ನದು ಹೋಗಿದೆ.

ನನಗೆ ಅಂಥದೇ ಒಂದನ್ನು ಕೊಟ್ಟವನು ಯಾದಗಿರಿ ಕಡೆಯ ಹಳೆ ಸಾಮಾನಿನ ವ್ಯಾಪಾರಿ. "ಸುರಪುರ ಅರಮನೀದ್ ಅದ ರೀ ಸರ, ದಂಗೆ ಟೈಮಿಂದು" ಅಂದ. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದು ನಿಜ. ಆದರೆ ನಮ್ಮ ಕಡೆ ತುಕ್ಕು ಹಿಡಿದ ಕಬ್ಬಿಣವೆಲ್ಲ ಸುರಪುರದ್ದೇ ಆಗಿಬಿಡುತ್ತದೆ, ಅಲ್ವಾ? ಆ ಒಂದು ಹೆಸರಿಗೇ ಜಾಸ್ತಿ ದುಡ್ಡು ಕೊಟ್ಟೆ. ಅದಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಆಮೇಲಿನದಕ್ಕೆ.

ಪಿಸ್ತೂಲು ಚೆನ್ನಾಗಿತ್ತು. ಟ್ರಿಗರ್ ಬದಲು ಒಂದು ಉಂಗುರ. ಅದನ್ನು ಎಳೆದರೆ ನಳಿಗೆಗಳ ಕಟ್ಟು ಒಟ್ಟಿಗೆ ತಿರುಗಬೇಕು, ಹ್ಯಾಮರ್, ಅಂದರೆ ಕೇಪನ್ನು ಬಡಿಯುವ ಸುತ್ತಿಗೆ, ಕೆಳಗಡೆಯಿಂದ ಹೊಡೆದು ತಳದ ನಳಿಗೆಯ ಗುಂಡು ಹಾರಬೇಕು. ಬೆಲ್ಜಿಯಂನ ಮ್ಯಾರಿಯೆಟ್ ಮಾದರಿ ಅಂದರೆ ಇದೇ, 1837ರ ಪೇಟೆಂಟು. ಅದೇ ವರ್ಷ ಅಮೆರಿಕದಲ್ಲಿ ಈಥನ್ ಆಲನ್ ಕೂಡ ಪೇಟೆಂಟ್ ಮಾಡಿಸಿದ್ದ. ಅವನ ಪಿಸ್ತೂಲಿನಲ್ಲಿ ಚಪ್ಪಟೆ ಹ್ಯಾಮರ್ ಮೇಲ್ಗಡೆ ಮಲಗಿರುತ್ತದೆ, ಮೇಲಿನ ನಳಿಗೆಯ ಗುಂಡು ಹಾರುತ್ತದೆ. ಹ್ಯಾಮರ್ ಕಣ್ಣಿಗೇ ಅಡ್ಡ ಬರುವುದರಿಂದ ಗುರಿ ಇಡುವ ಮಾತೇ ಇಲ್ಲ.

ನಾನು ಮಾಡಿದ್ದು ಇಷ್ಟು. ಮದುವೆ ಪಾತ್ರೆಗಳಿಗೆ ಪಾಲಿಶ್ ಹಾಕುವ ಅಂಗಡಿಗೆ ಅದನ್ನು ಒಯ್ದೆ. ಆತ ಬಫಿಂಗ್ ಮಷಿನ್‌ಗೆ ಹಿಡಿದ. ಕಂದು ಬಣ್ಣ ಹೋಗಿ ಬೆಳ್ಳಗಾಯಿತು. ಅಲ್ಲಿಗೆ ನಿಲ್ಲಿಸಿದ್ದರೂ ಏನೋ ಉಳಿಯುತ್ತಿತ್ತು. "ಬುಡದಾಗ ಇನ್ನೂ ಕಪ್ಪದ, ಅದನ್ನೂ ತಗಿ" ಅಂತ ನಾನೇ ಹೇಳಿದೆ. ಆ ಬುಡದಲ್ಲೇ ಇತ್ತು ಎಲ್ಲ! ಬೆಲ್ಜಿಯಂನ ಲಿಯೇಜ್ ಊರಿನಲ್ಲಿ ಪರೀಕ್ಷೆಯಾದ ನಳಿಗೆಗೆ ಮೊಟ್ಟೆಯಾಕಾರದ ಸಣ್ಣ ಮುದ್ರೆ ಒತ್ತುತ್ತಾರೆ, ಒಳಗೆ ಇ-ಎಲ್-ಜಿ ಅಕ್ಷರ, ಒಂದು ನಕ್ಷತ್ರ. 1893ರ ನಂತರ ಅದರ ಮೇಲೆ ಕಿರೀಟವೂ ಬಂತು. ಅಂದರೆ ಕಿರೀಟ ಇದ್ದಿದ್ದರೆ "ದಂಗೆ ಟೈಮಿಂದು" ಅನ್ನುವ ಮಾತನ್ನು ಅಲ್ಲೇ ಅನುಮಾನಿಸಬಹುದಿತ್ತು. ಇಲ್ಲದಿದ್ದರೆ ಕಥೆಗೆ ಸ್ವಲ್ಪ ಜೀವ ಇರುತ್ತಿತ್ತು. ಈಗ ಎರಡೂ ಇಲ್ಲ. ಮುದ್ರೆ ಇದ್ದ ಜಾಗದಲ್ಲಿ ನನ್ನ ಮುಖ ಕಾಣುತ್ತದೆ. ಈ ಮಾದರಿಯಲ್ಲಿ ನಳಿಗೆಗಳನ್ನು ಬಿಚ್ಚಬಹುದು, ಯಾವುದು ಎಲ್ಲಿ ಕೂರಬೇಕು ಅಂತ ನಂಬರ್ ಹಾಕಿರುತ್ತಾರೆ. ಅವೂ ಸವೆದವು. ಹೈದರಾಬಾದಿನಲ್ಲಿ ಒಬ್ಬ ವ್ಯಾಪಾರಿಗೆ ತೋರಿಸಿದೆ. ಭೂತಗನ್ನಡಿ ತೆಗೆದವರು ಅದನ್ನು ಹಿಡಿಯದೇ ವಾಪಸ್ ಇಟ್ಟರು. ನಿಜವಾದ ಹಳೆಯದಕ್ಕೂ ಮೊನ್ನೆ ಮಾಡಿದ ನಕಲಿಗೂ ಈಗ ಹೇಗೆ ವ್ಯತ್ಯಾಸ ಹೇಳಲಿ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಪ್ರಿಂಗ್ ರಿಪೇರಿಯಂತೂ ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೆ ಆಯುಧಗಳಿಗೆ ವಿನಾಯಿತಿ ಇದೆ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಆಗದಂಥದ್ದಕ್ಕೆ ಮಾತ್ರ. ನೀವು ದುಡ್ಡು ಕೊಟ್ಟು ಆ ವಿನಾಯಿತಿಯನ್ನೇ ಕಳೆದುಕೊಳ್ಳಲು ಹೊರಟಿದ್ದೀರಿ. ಕೊಳ್ಳುವ ಮೊದಲೇ ಡಿಸಿ ಕಚೇರಿಯಲ್ಲಿ ಲೈಸೆನ್ಸ್ ನೋಡುವವರನ್ನು ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಇನ್ನೊಂದು, ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ವಿದೇಶದ ಗಿರಾಕಿಗೆ ಕಳಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಡಿ.

ಕೈಗೆ ಬಂದ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ. ತೆಳು ಕಡ್ಡಿಯನ್ನು ಪ್ರತಿ ನಳಿಗೆಗೂ ಇಳಿಸಿ, ಎಷ್ಟು ಆಳ ಹೋಯಿತು ಅಂತ ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಪಕ್ಕದಲ್ಲಿಟ್ಟು ಅಳೆಯಿರಿ. ಬುಡದವರೆಗೆ ಹೋಗದಿದ್ದರೆ ಒಳಗೆ ಹಳೆ ಮದ್ದು, ಗುಂಡು ಇರಬಹುದು. ಒಂದು ಖಾಲಿ ಅಂದರೆ ನಾಲ್ಕೂ ಖಾಲಿ ಅಲ್ಲ. ಅನುಮಾನ ಬಂದರೆ ಕೆದಕಬೇಡಿ, ಬೆಂಕಿ ಹತ್ತಿರ ಇಡಬೇಡಿ, ಪೊಲೀಸರಿಗೆ ಹೇಳಿ.

ಖಾಲಿ ಇದ್ದರೆ ಹೊಲಿಗೆ ಮಷಿನ್ ಎಣ್ಣೆಯನ್ನು ಹತ್ತಿ ಬಟ್ಟೆಗೆ ಹಾಕಿ ಮೆಲ್ಲಗೆ ಒರೆಸಿ, ಸುಮ್ನೆ ಇಟ್ಟುಬಿಡಿ. ಕಂದು ಬಣ್ಣ ಕೊಳೆಯಲ್ಲ. ಕೊಳ್ಳುವ ಮೊದಲು ನಿಮ್ಮ ಬೀದರ್‌ನ ವ್ಯಾಪಾರಿಯಿಂದ ನಳಿಗೆ ಬುಡದ ಫೋಟೊ ತರಿಸಿಕೊಳ್ಳಿ. ಅವನೇ ಫಳಫಳ ಮಾಡಿಟ್ಟಿದ್ದರೆ ಎದ್ದು ಬನ್ನಿ. ಆ ದುಡ್ಡಿಗೆ ಬೀದರ್‌ನಲ್ಲೇ ಒಳ್ಳೆ ಬಿದ್ರಿ ಹೂಜಿ ಸಿಗುತ್ತದೆ, ಅದಕ್ಕೆ ಲೈಸೆನ್ಸೂ ಬೇಡ.