ಟೊಯೋಟಾದ ಕೊರೊಲಾ ಕಾರು ಫ್ರಂಟ್ ವೀಲ್ ಡ್ರೈವ್‌ಗೆ, ಅಂದರೆ ಮುಂದಿನ ಚಕ್ರಗಳೇ ಕಾರನ್ನು ಎಳೆಯುವ ವ್ಯವಸ್ಥೆಗೆ, ಹೋದಮೇಲೂ ಅದರ ಎರಡು ಬಾಗಿಲಿನ ಸ್ಪೋರ್ಟಿ ರೂಪವಾದ ಎಇ86 ಕೂಪೆಯಲ್ಲಿ ಹಿಂದಿನ ಚಕ್ರಗಳೇ ಏಕೆ ಕಾರನ್ನು ನೂಕುತ್ತಿದ್ದವು?

ಅದರ ತಳಪಾಯ ಹಳೆಯದಾಗಿದ್ದರಿಂದ. 1983ರಲ್ಲಿ ಟೊಯೋಟಾ ಕೊರೊಲಾ ಸೆಡಾನ್‌ಗೆ ಹೊಸ ಫ್ರಂಟ್ ವೀಲ್ ಡ್ರೈವ್ ಚಾಸಿ (ತಳಪಾಯ) ಕೊಟ್ಟಿತು. ಎಇ86 ಸಂಕೇತದ ಲೆವಿನ್, ಟ್ರುಯೆನೊ ಕೂಪೆಗಳಿಗೆ ಮಾತ್ರ ಹಿಂದಿನ ಪೀಳಿಗೆಯ ಇ70 ಕೊರೊಲಾದ ವಿನ್ಯಾಸವನ್ನೇ ಮುಂದುವರಿಸಿತು: ಮುಂದೆ ಎಂಜಿನ್, ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್. ಸರಳ ಭಾಗಗಳು, ಹಾಗಾಗಿ ಯುವಕರ ಕೈಗೆಟುಕುವ ಬೆಲೆ.

ಅದಕ್ಕೆ ಜೀವ ತುಂಬಿದ್ದು 1587 ಸಿಸಿಯ, 16 ವಾಲ್ವ್‌ಗಳ 4ಎ-ಜಿಇ ಎಂಜಿನ್. ತೂಕ ಒಂದು ಟನ್‌ಗಿಂತ ಕಡಿಮೆ. ಮುಂದಿನ ಚಕ್ರಗಳಿಗೆ ತಿರುಗಿಸುವ ಕೆಲಸ ಮಾತ್ರ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಹದವಾಗಿ ಹೊರಜಾರುತ್ತದೆ. ಜಪಾನಿನ ರೇಸರ್ ಕೆಯಿಚಿ ತ್ಸುಚಿಯಾ ಡ್ರಿಫ್ಟಿಂಗ್‌ನಲ್ಲಿ, ಅಂದರೆ ಹೀಗೆ ಜಾರಿಸುತ್ತಲೇ ತಿರುವು ದಾಟುವ ಕಲೆಯಲ್ಲಿ, ಹೆಸರು ಮಾಡಿದ್ದು ಇದೇ ಕಾರಿನಲ್ಲಿ. ಗಟ್ಟಿ ಆಕ್ಸಲ್‌ನ ದೋಷವೂ ನಿಜ: ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದರ ಹಿಡಿತವೂ ಕದಲುತ್ತದೆ.

1987ರಲ್ಲಿ ತಯಾರಿಕೆ ನಿಂತಿತು. ಮುಂದಿನ ಲೆವಿನ್ ಫ್ರಂಟ್ ವೀಲ್ ಡ್ರೈವ್ ಆಯಿತು. 2012ರಲ್ಲಿ ಸುಬಾರು ಜೊತೆ ಸೇರಿ ಟೊಯೋಟಾ ತಂದ 86 ಕೂಪೆ ಮುಂದೆ ಎಂಜಿನ್, ನೂಕುವುದು ಹಿಂದಿನ ಚಕ್ರಗಳು ಎಂಬ ಎಇ86ರ ಸೂತ್ರಕ್ಕೆ ಮರಳಿತು. ಅದರ ಎಂಜಿನ್‌ನ ಬೋರ್, ಅಂದರೆ ಸಿಲಿಂಡರ್ ವ್ಯಾಸ, 86 ಮಿ.ಮೀ.; ಪಿಸ್ಟನ್ ಚಲಿಸುವ ದೂರವೂ 86 ಮಿ.ಮೀ.