ಹೊಸ ಕಾಂಪೌಂಡ್ ಬಿಲ್ಲು ತಗೋಬೇಕು, ಸ್ಪೀಡ್ ಜಾಸ್ತಿ ಇರೋದನ್ನೇ ತಗೊಳ್ಲಾ?

ಪ್ರಶ್ನೆ: ಸರ್ ನಮಸ್ತೆ. ಕೆಲವು ವರ್ಷದಿಂದ ಒಂದೇ ಕಾಂಪೌಂಡ್ (ತುದಿಗಳಲ್ಲಿ ಚಕ್ರ ಇರೋ) ಬಿಲ್ಲಲ್ಲಿ ಟಾರ್ಗೆಟ್ ಹೊಡೀತಿದೀನಿ, ಹೆಚ್ಚಾಗಿ 50 ಮೀಟರ್. ಈಗ ಹೊಸದು ನೋಡ್ತಿದೀನಿ. ಒಂದರ ಸ್ಪೀಡ್ 340 ಎಫ್‌ಪಿಎಸ್ (ಬಾಣ ಸೆಕೆಂಡಿಗೆ ಹೋಗೋ ಅಡಿ), ಉದ್ದ 30 ಇಂಚು, ಬ್ರೇಸ್ ಹೈಟ್ (ಎಳೆಯದೆ ಇರುವಾಗ ಹಿಡಿಯಿಂದ ಹೆದೆಗೆ ಇರೋ ದೂರ) 6. ಇನ್ನೊಂದು 315, ಉದ್ದ 37, ಬ್ರೇಸ್ ಹೈಟ್ 7. ನನ್ನ ಡ್ರಾ ಲೆಂತ್ (ಹೆದೆ ಎಳೆಯೋ ಉದ್ದ) 28 ಇಂಚು, ಎಳೆಯೋದು 50 ಪೌಂಡ್. ಫ್ರೆಂಡ್ಸ್ ಎಲ್ಲಾ ಮೊದಲನೇದೇ ತಗೋ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ನಮಸ್ತೆ. ನೀವು ಹೇಳಿದ ಕೆಲಸಕ್ಕೆ ಎರಡನೇದು, ಆದ್ರೆ ಕೈಯಲ್ಲಿ ಹಿಡಿದು ಎಳೆದು ನೋಡದೆ ದುಡ್ಡು ಕೊಡ್ಬೇಡಿ.

ಮೊದಲು ಆ 340ರ ವಿಷಯ. ಕಂಪನಿಯವರು ಹಾಕೋ ಸ್ಪೀಡು ಸಾಮಾನ್ಯವಾಗಿ 70 ಪೌಂಡ್, 30 ಇಂಚು ಡ್ರಾ, 350 ಗ್ರೇನ್ ತೂಕದ ಬಾಣ ಇಟ್ಕೊಂಡು ಅಳೆದಿದ್ದು. ನಿಮ್ಮದು 28 ಇಂಚು, ಒಂದು ಇಂಚು ಕಮ್ಮಿಯಾದ್ರೆ ಸುಮಾರು 10 ಎಫ್‌ಪಿಎಸ್ ಹೋಗುತ್ತೆ, ಅಲ್ಲಿಗೇ 20 ಹೋಯ್ತು, ಆಮೇಲೆ 70ರ ಬದಲು 50 ಪೌಂಡ್ ಅಂದ್ರೆ ಇನ್ನೊಂದು 40-50 ಹೋಗುತ್ತೆ, ಹೆದೆ ಮೇಲೆ ಪೀಪ್ ಸೈಟು (ಗುರಿ ನೋಡೋ ತೂತು), ಡಿ-ಲೂಪು (ಹೆದೆ ಎಳೆಯೋಕೆ ಕಟ್ಟೋ ಕುಣಿಕೆ) ಹಾಕಿದ್ರೆ ಅದಕ್ಕೂ ಒಂದಿಷ್ಟು. ಅದೇ 350 ಗ್ರೇನ್ ಬಾಣದಲ್ಲಿ ನಿಮ್ಮ ಕೈಯಲ್ಲಿ ಮೊದಲನೇದು ಹೆಚ್ಚುಕಮ್ಮಿ 270 ಕೊಡಬಹುದು, ಎರಡನೇದು 250. ಈ 20ರ ವ್ಯತ್ಯಾಸ, ದೂರ ಗೊತ್ತಿಲ್ಲದೆ ಅಂದಾಜಲ್ಲಿ ಹೊಡೆಯೋ 3ಡಿ ಶೂಟಿಂಗಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಬಾಣ ಜಾಸ್ತಿ ಇಳಿಯಲ್ಲ, ಅಂದಾಜು ಸ್ವಲ್ಪ ತಪ್ಪಿದ್ರೂ ನಡೆಯುತ್ತೆ. 50 ಮೀಟರ್ ಅಂತ ಗೊತ್ತಿದ್ಮೇಲೆ ಸೈಟ್ (ಗುರಿ ಹಿಡಿಯೋ ಸಾಧನ) ಅಲ್ಲೇ ಸೆಟ್ ಮಾಡಿರ್ತೀರ, ಅಲ್ಲಿ ಸ್ಪೀಡಿಂದ ದೊಡ್ಡ ಲಾಭ ಏನಿಲ್ಲ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿ ನಿಯಮದಲ್ಲೂ ಕಾಂಪೌಂಡಿಗೆ 60 ಪೌಂಡೇ ಮಿತಿ, 80 ಸೆಂಟಿಮೀಟರ್ ಫೇಸಲ್ಲಿ (ಟಾರ್ಗೆಟ್ ಹಾಳೆಯಲ್ಲಿ) 10ರ ರಿಂಗು 8 ಸೆಂಟಿಮೀಟರ್ ಅಷ್ಟೇ. ಅದರೊಳಗೆ ಮತ್ತೆ ಮತ್ತೆ ಕೂರಿಸೋದು ಅಲುಗಾಡದ ಬಿಲ್ಲು.

ಇಲ್ಲಿ ಉದ್ದ ಕೆಲಸ ಮಾಡೋದು. 37 ಇಂಚಿನ ಬಿಲ್ಲು ಪೂರ್ತಿ ಎಳೆದಾಗ ಹೆದೆಯ ಕೋನ ಅಗಲವಾಗಿರುತ್ತೆ, ತಲೆ ನೇರ ಇಟ್ಕೊಂಡೇ ಮೂಗಿನ ತುದಿ ಹೆದೆಗೆ ತಾಗುತ್ತೆ. 30 ಇಂಚಿನದ್ರಲ್ಲಿ ಕೋನ ಚೂಪು, ಮೂಗು ತಾಗಿಸೋಕೆ ಕುತ್ತಿಗೆ ಮುಂದಕ್ಕೆ ಚಾಚ್ತೀರ, ಸುಸ್ತಾದ ಮೇಲೆ ಆ ಚಾಚೋದು ಒಂದೊಂದು ಬಾಣಕ್ಕೆ ಒಂದೊಂದು ಥರ ಆಗುತ್ತೆ. ಬ್ರೇಸ್ ಹೈಟೂ ಹಾಗೇ, 6 ಇಂಚಲ್ಲಿ ಬಾಣ ಹೆದೆಗೆ ಅಂಟ್ಕೊಂಡು ಸ್ವಲ್ಪ ಜಾಸ್ತಿ ದೂರ ಬರುತ್ತೆ, ಬಿಡುವಾಗ ಕೈ ತಿರುಗಿದ್ರೆ ಆ ತಪ್ಪು ಬಾಣಕ್ಕೂ ಹೋಗುತ್ತೆ. 7 ಇಂಚು ಸ್ವಲ್ಪ ಕ್ಷಮಿಸುತ್ತೆ.

ಇವೆರಡಕ್ಕಿಂತ ಮುಖ್ಯ ಕ್ಯಾಮು, ಅಂದ್ರೆ ಬಿಲ್ಲಿನ ತುದಿಯಲ್ಲಿ ತಿರುಗೋ ಚಕ್ರ. ಇದು ಸ್ಪೆಕ್ ನೋಡಿದ್ರೆ ಗೊತ್ತಾಗಲ್ಲ, ಎಳೆದೇ ನೋಡ್ಬೇಕು. ಎರಡೂ ಬಿಲ್ಲನ್ನ ನಿಮ್ಮ 28 ಇಂಚು, 50 ಪೌಂಡಿಗೇ ಸೆಟ್ ಮಾಡಿಸ್ಕೊಳಿ, ಒಂದು 50 ಇನ್ನೊಂದು 60 ಇದ್ರೆ ಹೋಲಿಕೆಗೆ ಅರ್ಥ ಇಲ್ಲ. ಬಾಣ ಹಾಕಿ, ಟಾರ್ಗೆಟ್ ಕಡೆ ತಿರುಗಿ ಎಳೀರಿ, ಕೊನೇವರೆಗೆ ಹೋಗಿ ನಿಂತು ಹಾಗೇ 20 ಸೆಕೆಂಡ್ ಹಿಡ್ಕೊಳಿ. ಆಮೇಲೆ ಬೆನ್ನಿನ ಬಿಗಿ ಒಂಚೂರೇ ಚೂರು ಸಡಿಲ ಬಿಡಿ. ಸ್ಪೀಡ್ ಕ್ಯಾಮ್ ಆದ್ರೆ ಬಿಲ್ಲು ತಟ್ಟಂತ ಕೈಯನ್ನ ಮುಂದಕ್ಕೆ ಜಗ್ಗುತ್ತೆ, ಮೆತ್ತನೆ ಕ್ಯಾಮ್ ಆದ್ರೆ ಸ್ವಲ್ಪ ಹೊತ್ತು ಅಲ್ಲೇ ಇರುತ್ತೆ. ಆಯಾಸದಲ್ಲಿ ಹೊಡೆಯೋ ಕೊನೇ ಬಾಣಗಳಲ್ಲಿ ಈ ವ್ಯತ್ಯಾಸ ಸ್ಕೋರಲ್ಲೇ ಕಾಣುತ್ತೆ. ಅಪ್ಪಿತಪ್ಪಿಯೂ ಬಾಣ ಇಲ್ಲದೆ ಬಿಡ್ಬೇಡಿ, ಲಿಂಬೇ (ಬಿಲ್ಲಿನ ಬಾಗೋ ತೋಳು) ಸೀಳಬಹುದು, ಮುಖಕ್ಕೆ ಹೊಡೀಬಹುದು.

ಲೆಟ್-ಆಫ್ (ಪೂರ್ತಿ ಎಳೆದ ಮೇಲೆ ಕಮ್ಮಿಯಾಗೋ ಭಾರ) 80% ಇದ್ರೆ ಹಿಡಿದಿರೋವಾಗ ಕೈಗೆ 10 ಪೌಂಡ್ ಮಾತ್ರ, 65% ಇದ್ರೆ 17 ಚಿಲ್ಲರೆ. ಹಗುರ ಅಂದ್ರೆ ಒಳ್ಳೇದು ಅಂತ ಅನ್ಸುತ್ತೆ, ಆದ್ರೆ ಕೈಯಲ್ಲಿ ಸ್ವಲ್ಪ ಭಾರ ಇದ್ರೆ ಸೈಟಿನ ಪಿನ್ ಕಮ್ಮಿ ಅಲ್ಲಾಡುತ್ತೆ ಅಂತ ಎಷ್ಟೋ ಜನ ಟಾರ್ಗೆಟ್ ಶೂಟರ್ಸ್ ಬೇಕಂತಲೇ ಕಮ್ಮಿ ಲೆಟ್-ಆಫ್ ಇಟ್ಕೋತಾರೆ. ಎರಡೂ ಟ್ರೈ ಮಾಡಿ. ಡ್ರಾ ಲೆಂತ್ ಬದಲಾಯಿಸೋಕೆ ಕ್ಯಾಮಿನ ಮೇಲಿರೋ ಮಾಡ್ಯೂಲ್ ತಿರುಗಿಸಿದ್ರೆ ಸಾಕಾ ಇಲ್ಲಾ ಬೇರೆ ಕ್ಯಾಮೇ ತಗೋಬೇಕಾ ಅನ್ನೋದನ್ನೂ ಕೇಳಿ, ಹೊಸ ಬಿಲ್ಲಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿ ಮಾಡೋ ಪ್ರಸಂಗ ಬಂದೇ ಬರುತ್ತೆ.

ಬಜೆಟ್ ಪೂರ್ತಿ ಬಿಲ್ಲಿಗೇ ಸುರೀಬೇಡಿ. ಕ್ಯಾಮ್ ಬದಲಾದ್ರೆ ಹಳೇ ಬಾಣದ ಸ್ಪೈನ್ (ಗಡಸುತನ) ಹೊಂದದೇ ಇರಬಹುದು, ಆಗ ಹೊಸ ಬಾಣ ಬೇಕು. ಸೈಟು, ರೆಸ್ಟು (ಬಾಣ ಕೂರೋ ಜಾಗ), ರಿಲೀಸ್ (ಹೆದೆ ಬಿಡೋ ಸಾಧನ) ಚೆನ್ನಾಗಿದ್ರೆ ಹಳೇವನ್ನೇ ಹಾಕ್ಕೊಳಿ.